ಸಾಕು

ಬಾಲಮಂದಿರದ ಮೆಟ್ಟಿಲ ಮೇಲೆ ಮೂವರು.
ಒಂದು ಅಕ್ಕಿ ಚೀಲ, ಮೂವರಿಗೂ ಸೇರಿ ಐದು ಚಪ್ಪಲಿ.
"ಒಬ್ಬರನ್ನ ಒಯ್ಯಬಹುದು, ಬೇಕಾದ್ರೆ ಇಬ್ಬರನ್ನ.
ಮೂವರೂ ಅಂದ್ರೆ..." ಮೇಡಂ ಪೆನ್ನಿನ ಮುಚ್ಚಳ ಕಚ್ಚಿದರು.
ನಾನು ಕಂಡಕ್ಟರ್. ಹದಿನೇಳು ವರ್ಷ
ಜಗಳೂರು ರೂಟಿನಲ್ಲಿ ನಿಂತೇ ಲೆಕ್ಕ ಮಾಡಿದವಳು.
ಸೀಟಿಲ್ಲ ಅಂತ ಒಂದೇ ಮನೆಯವರನ್ನ
ಅರ್ಧ ಹತ್ತಿಸಿ ಅರ್ಧ ಬಿಟ್ಟು
ರೈಟ್ ಹೇಳಿದ್ದಿಲ್ಲ ಯಾವತ್ತೂ.

ನಿಟ್ಟುವಳ್ಳಿಯಲ್ಲಿ ನಮ್ಮದು ಎರಡೇ ಕೋಣೆ.
ಮನೆ ನೋಡಲು ಬಂದವರು ಕಿಟಕಿ ಎಣಿಸಿದರು, ಬಚ್ಚಲು ಇಣುಕಿದರು,
ಪಂಕ್ಚರ್ ಅಂಗಡಿಯ ಆದಾಯ ಎಷ್ಟೆಂದು ಕೇಳಿದರು.
ಮುರಿಗೆಪ್ಪ ತೊಟ್ಟಿಯಲ್ಲಿ ಟ್ಯೂಬು ಮುಳುಗಿಸಿ
ಗುಳ್ಳೆ ಎಲ್ಲಿ ಏಳುವುದೆಂದು ಕಾಯುತ್ತಿದ್ದ.
ತಲೆ ಎತ್ತದೆ ಅಂದ:
"ದಿನಾ ಯಾರದರ ಗಾಲಿ ತೂತು ಬೀಳತೈತ್ರಿ."

ಹಾಳೆಯಲ್ಲಿ ಸಂಬಂಧ ಅಂತೊಂದು ಖಾನೆ.
ಆಗಲೇ ಅಚ್ಚಾಗಿತ್ತು: ಸಾಕು ತಾಯಿ.
ಎದುರುಮನೆ ಪಂಪವ್ವ ಬಾಗಿಲಿಗೆ ಒರಗಿ,
"ಮೂರಾ! ಒಂದು ಸಾಕಾಗ್ತಿರಲಿಲ್ಲೇನು?" ಅಂದಳು.

ಮೊದಲ ರಾತ್ರಿ. ತಟ್ಟೆಗೆ ಅನ್ನ ಬೀಳುವ ಮೊದಲೇ
ಹತ್ತು ವರ್ಷದ ಅಂಜಿನಮ್ಮ ಅಂಗೈ ಅಡ್ಡ ಹಿಡಿದಳು:
"ಸಾಕು."
ತಿಪ್ಪೇಶನ ತಟ್ಟೆ ನೋಡಿದಳು, ಪಾಲಾಕ್ಷಿಯ ಬಾಯಿ ನೋಡಿದಳು,
ಪಾತ್ರೆಯ ತಳ ನೋಡಿದಳು.
ಆಮೇಲೆ ತನ್ನದು ತಿಂದಳು, ಚಿಲ್ಲರೆ ಎಣಿಸಿದ ಹಾಗೆ.

ನಡುರಾತ್ರಿ ಎದ್ದು ನೋಡಿದರೆ
ಅವಳ ವೇಲಿನ ಒಂದು ತುದಿ ತಿಪ್ಪೇಶನ ಮಣಿಕಟ್ಟಿಗೆ,
ಇನ್ನೊಂದು ಚಿಕ್ಕವನ ಕಾಲಿಗೆ.
ನಡುವಿನ ಗಂಟು ಮುಷ್ಟಿಯಲ್ಲಿ ಹಿಡಿದು
ಕಣ್ಣು ಬಿಟ್ಟೇ ಮಲಗಿದ್ದಳು.
ಬಿಚ್ಚಲು ಹೋಗಲಿಲ್ಲ ನಾನು.
ಬಿಚ್ಚುವ ಹಕ್ಕು ಆ ಹಾಳೆಯಲ್ಲಿ ಇರಲಿಲ್ಲ.

ಪಾಲಾಕ್ಷಿ ಅತ್ತರೆ ನನಗಿಂತ ಮುಂಚೆ ಅವಳು.
ತಿಪ್ಪೇಶ ಹಾಸಿಗೆ ಒದ್ದೆ ಮಾಡಿದರೆ ನಸುಕಿಗೇ ತೊಳೆದು
ಹಿತ್ತಲ ತಂತಿಗೆ ಹಾಕಿ, "ನಂದು" ಅಂದಳು.
ಒಮ್ಮೆ ನಾನು ಚಿಕ್ಕವನ ಮೂಗು ಒರೆಸಿದೆ.
ಅವಳು ಮತ್ತೊಮ್ಮೆ ಒರೆಸಿದಳು, ನನ್ನೆದುರೇ.
ಸಿಟ್ಟು ಬಂತು. ಸುಳ್ಳು ಯಾಕೆ ಹೇಳಲಿ.
ಎರಡು ದಿನ ಬಸ್ಸಿನಲ್ಲಿ ಕಂಡಕಂಡವರ ಮೇಲೆ ರೇಗಿದೆ.

ಕಸಿಯಬಾರದು, ಇಳಿಸಿಕೊಳ್ಳಬೇಕು:
ನಿಂತೇ ಬಂದವಳ ಕಂಕುಳ ಕೂಸನ್ನು
ಸೀಟಿನಲ್ಲಿ ಕೂತವಳು ಕೈಚಾಚಿ
ತೊಡೆಗೆ ಇಳಿಸಿಕೊಳ್ಳುತ್ತಾಳಲ್ಲ, ಹಾಗೆ.
ದಿನಾ ನೋಡುತ್ತೇನೆ. ಕೊಟ್ಟವಳು
ಕೂಸಿನ ಅಂಗಿಯ ಚುಂಗು ಮಾತ್ರ ಬಿಡುವುದಿಲ್ಲ.

ತಿಂಗಳ ಮೂರನೇ ಶನಿವಾರ ಅವರ ಅವ್ವ ಬರುತ್ತಾಳೆ
ಚಳ್ಳಕೆರೆ ಕಡೆಯಿಂದ, ಶೂನ್ಯ ಟಿಕೆಟ್ಟಿನಲ್ಲಿ.
ಕಚೇರಿ ಬೆಂಚಿನ ಆ ತುದಿಗೆ ಅವಳು, ಈ ತುದಿಗೆ ನಾನು.
ಹುರಿದ ಶೇಂಗಾ ಮಡಿಲಿಂದ ತೆಗೆಯುತ್ತಾಳೆ.
ನಾನು ಹಾಕಿದ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತಾಳೆ.
ಹೆಣೆಯಲಿ. ಅವಳದು ನನ್ನದಕ್ಕಿಂತ ಬಿಗಿ.
"ಗುಳಿಗಿ ತಗಳ್ತಿಯೇನು?" ಅಂತ ಅಂಜಿನಮ್ಮ ಗದರುತ್ತಾಳೆ.
ಅಲ್ಲೂ ಅವಳೇ ಅವ್ವ.

ಶ್ರಾವಣದಲ್ಲೊಂದು ಭಾನುವಾರ, ಸಂಬಳದ ವಾರ,
ಬೆಣ್ಣೆ ದೋಸೆಗೆ ಹೋದೆವು. ಐದು ಜನ, ಒಂದೇ ಬೆಂಚು,
ಒಲೆಯಲ್ಲಿ ಕಟ್ಟಿಗೆ ಚಟಪಟ.
ಎರಡನೇ ಸುತ್ತಿನ ಮೊದಲ ದೋಸೆ ತಿಪ್ಪೇಶನ ತಟ್ಟೆಗೆ ಬಿತ್ತು.
"ಅದು ನಂದು!" ಕಿರುಚಿದಳು ಅಂಜಿನಮ್ಮ,
"ಬರೇ ಅವಂಗಾ ಕೊಡ್ತೀರಿ, ನನಗ ಬೇಕು, ಇನ್ನೂ ಬೇಕು!"
ತಟ್ಟೆ ಎಳೆದಳು, ಚಟ್ನಿ ಚೆಲ್ಲಿತು, ಲೋಟ ಉರುಳಿತು.
ನೆಲಕ್ಕೆ ಕೂತು ಕಾಲು ಬಡಿದು ಅತ್ತಳು.
ಹೋಟೆಲ್ಲೇ ತಿರುಗಿ ನೋಡಿತು.
ಪಾಲಾಕ್ಷಿ ಹೆದರಿ ನನ್ನ ಸೆರಗಿನೊಳಗೆ ಬಂದ.
ಅವಳಿಗೆ ಅದು ಕಾಣಲಿಲ್ಲ.
ಮುರಿಗೆಪ್ಪ ನನ್ನತ್ತ ನೋಡಿದ,
ನೀರಲ್ಲಿ ಗುಳ್ಳೆ ಕಂಡವನ ಹಾಗೆ.
"ಇನ್ನೊಂದು ಹಾಕ್ರಿ," ಅಂದ ಒಲೆಯ ಕಡೆ, "ಬೆಣ್ಣಿ ಮುಂದಾಗಿ."

ಬರುವ ತಿಂಗಳು ಸಮಿತಿ ಕೂರುತ್ತದೆ.
ಅವರವ್ವ ಚೇತರಿಸಿಕೊಂಡಿದ್ದಾಳಂತೆ. ಒಳ್ಳೆಯದೇ.
ಒಳ್ಳೆಯದೇ, ಅಂತ ಡಿಪೋದಿಂದ ಮನೆತನಕ ಹೇಳಿಕೊಂಡು ಬಂದೆ.
ಇಳಿಯುವುದಾದರೆ ಮೂವರೂ ಒಂದೇ ಸ್ಟಾಪಿನಲ್ಲಿ ಇಳಿಯಲಿ.

ನಿನ್ನೆ ರಾತ್ರಿ ವೇಲು ಗೂಟಕ್ಕೆ ನೇತಾಡುತ್ತಿತ್ತು.
ತಿಪ್ಪೇಶನ ಕಾಲು ಅವಳ ಹೊಟ್ಟೆಯ ಮೇಲೆ.
ಬಾಯಿ ತೆರೆದು, ಸಣ್ಣಗೆ ಗೊರಕೆ.
ದೀಪ ಆರಿಸುವ ಮುಂಚೆ ತಲೆ ಎಣಿಸಿದೆ. ಕಸುಬಿನ ಚಟ.
ಮೂರು.
ಮತ್ತೆ ಮೊದಲಿಂದ ಎಣಿಸಿದೆ.